ನಿವೃತ್ತರ ನಡುವೆ ತಾರೀಖಿನ ಗೆರೆ

2025ನೆಯ ಇಸವಿಯ ಮಾರ್ಚ ತಿಂಗಳಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಹಣಕಾಸಿನ ಕಾಯಿದೆಯಲ್ಲಿ ತೆರಿಗೆಗೆ ಸಂಬಂಧಪಡದ ಒಂದು ಭಾಗವೂ ಸೇರಿಕೊಂಡಿದೆ. ಕರದ ಏರಿಳಿತಗಳನ್ನು ತಿಳಿಯುವ ಆತುರದಲ್ಲಿ ನಮ್ಮ ವಾಚಕರಲ್ಲಿ ಹಲವರು ಅದನ್ನು ಗಮನಿಸಿರಲಿಕ್ಕಿಲ್ಲ. ಕೇಂದ್ರ ಸರಕಾರದ ನಿವೃತ್ತ ನೌಕರರಲ್ಲಿ ವರ್ಗಭೇದವನ್ನು ಕಲ್ಪಿಸುವ ಅಧಿಕಾರವು ಸರಕಾರಕ್ಕೆ ಉಂಟೆಂದೂ, ನಿವೃತ್ತಿಯ ತಾರೀಖೇ ಆ ಭೇದಕ್ಕೆ ಆಧಾರವಾಗಬಹುದೆಂದೂ ಆ ಭಾಗವು ಸಾರುತ್ತದೆ. ಅಷ್ಟೇ ಅಲ್ಲ, ಈ ಅಧಿಕಾರವು 1972ನೆಯ ಇಸವಿಯ ಜೂನ್ 1ರಿಂದಲೇ ಇತ್ತೆಂದು ತಿಳಿಯತಕ್ಕದ್ದಂತೆ! ಅರ್ಧ ಶತಮಾನಕ್ಕೂ ಮಿಕ್ಕಿ ಹಿಂದಕ್ಕೆ ನಡೆಯುವ ಈ ಅವಸರವು ಏತಕ್ಕೆ ಬಂದಿತೆಂಬದನ್ನು ವಿಚಾರಿಸುವದು ನಮ್ಮ ಕರ್ತವ್ಯವಾಗಿದೆ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. 1979ರಲ್ಲಿ ಕೇಂದ್ರ ಸರಕಾರವು ನಿವೃತ್ತಿ ವೇತನದ ಲೆಕ್ಕವನ್ನು ಉದಾರಗೊಳಿಸಿ, ಆ ವರ್ಷದ ಮಾರ್ಚ 31ರಿಂದ ಮುಂದೆ ನಿವೃತ್ತರಾಗುವವರಿಗೆ ಮಾತ್ರ ಅದರ ಲಾಭವನ್ನು ಕೊಟ್ಟಿತು. ಅದಕ್ಕೆ ಒಂದು ದಿವಸ ಮೊದಲು ನಿವೃತ್ತನಾದವನು ಹೊರಗುಳಿದನು. ನಕಾರಾ ಎಂಬ ನಿವೃತ್ತ ಅಧಿಕಾರಿಯೂ ಅವರ ಜೊತೆಗಾರರೂ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇರಿದರು. 1982ನೆಯ ಇಸವಿಯ ಡಿಸೆಂಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠವು ಈ ಗೆರೆಯನ್ನು ಅಳಿಸಿಹಾಕಿತು. ನಿವೃತ್ತರೆಲ್ಲರೂ ಒಂದೇ ವರ್ಗದವರು, ಯುಕ್ತವಾದ ಕಾರಣವಿಲ್ಲದೆ ಒಂದು ತಾರೀಖನ್ನು ಹಿಡಿದು ಅವರನ್ನು ಸೀಳುವದು ಸಮಾನತೆಯ ತತ್ತ್ವಕ್ಕೆ ವಿರುದ್ಧವಾದದ್ದು ಎಂಬದು ಆ ತೀರ್ಪಿನ ಸಾರ. ನಿವೃತ್ತರು ಇಂದಿಗೂ ಆ ದಿನವನ್ನು ತಮ್ಮ ದಿನವೆಂದು ಆಚರಿಸುತ್ತಾರೆ. ಮುಂದೆ 1990ರಲ್ಲಿ ರೇಲ್ವೆಯ ಭವಿಷ್ಯನಿಧಿ ಪಡೆದವರ ಖಟ್ಲೆಯಲ್ಲಿ ಅದೇ ನ್ಯಾಯಾಲಯವು ಈ ತತ್ತ್ವದ ವ್ಯಾಪ್ತಿಯನ್ನು ತುಸು ಬಿಗಿಗೊಳಿಸಿತೆಂಬದನ್ನು ಮರೆಮಾಚುವ ಇಚ್ಛೆ ನಮಗಿಲ್ಲ. ಆದರೂ ಮೂಲಮಾತು ಅಳಿಯಲಿಲ್ಲ.

ನಿವೃತ್ತಿ ವೇತನವು ಒಡೆಯನು ಮೆಚ್ಚಿ ಕೊಡುವ ಇನಾಮೋ, ದುಡಿದವನ ಹಕ್ಕೋ? ಈ ಪ್ರಶ್ನೆಯು ಹಳೆಯದು. ಪರಕೀಯರ ಆಳಿಕೆಯಲ್ಲಿ ಇದಕ್ಕೆ ಒಂದೇ ಉತ್ತರವಿತ್ತು. 1871ನೆಯ ಇಸವಿಯ ಪೆನ್ಶನ್ ಕಾಯಿದೆಯು ಈ ವಿಷಯದಲ್ಲಿ ದಿವಾಣಿ ಕೋರ್ಟುಗಳು ದಾವೆಯನ್ನೇ ತೆಗೆದುಕೊಳ್ಳಬಾರದೆಂದು ಬಾಗಿಲು ಹಾಕಿತ್ತು. ಸರಿಯಾಗಿ ನೂರು ವರ್ಷಗಳ ತರುವಾಯ, 1971ರಲ್ಲಿ, ಬಿಹಾರದ ಶಿಕ್ಷಣ ಖಾತೆಯ ಒಬ್ಬ ನಿವೃತ್ತ ನೌಕರರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಪೆನ್ಶನ್ನು ಸರಕಾರದ ಮರ್ಜಿಯನ್ನವಲಂಬಿಸಿದ ದಾನವಲ್ಲವೆಂದೂ ಅದು ನೌಕರನ ಸ್ವತ್ತೆಂದೂ ಸಾರಿತು. ಹೀಗಿರುವಾಗ ಸ್ವತಂತ್ರ ದೇಶದ ಶಾಸನಸಭೆಯು, ಹಣಕಾಸಿನ ಕಾಯಿದೆಯ ಬಾಲಕ್ಕೆ ಕಟ್ಟಿ, ಹಳೆಯ ಒಡೆತನದ ವಾಸನೆಯುಳ್ಳ ಮಾತನ್ನು ಮತ್ತೆ ಆಡಬೇಕಾಗಿತ್ತೆ?

ಸರಕಾರದ ಪಕ್ಷವನ್ನೂ ಹೇಳುವದು ನ್ಯಾಯ. ಇದ್ದ ಧೋರಣೆಯನ್ನೇ ಈ ಕಾಯಿದೆಯು ಸ್ಥಿರಪಡಿಸುತ್ತದೆಯಲ್ಲದೆ ಯಾರ ಪೆನ್ಶನ್ನನ್ನೂ ಬದಲಿಸುವದಿಲ್ಲವೆಂದು ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅವರು ರಾಜ್ಯಸಭೆಯಲ್ಲಿ ಸ್ಪಷ್ಟಪಡಿಸಿದ್ದಾರೆ. ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2016ಕ್ಕಿಂತ ಹಿಂದಿನ ನಿವೃತ್ತರನ್ನು ನಂತರದವರ ಸರಿಸಮಕ್ಕೆ ತಂದದ್ದೂ ನಿಜವೇ. ಬೊಕ್ಕಸದ ಭಾರವೂ ಸುಳ್ಳಲ್ಲ. ದುಡಿಯುವವರ ಸಂಬಳದಷ್ಟೇ ದುಡಿದವರ ವೇತನವೂ ಬೆಳೆಯುತ್ತಿರುವಾಗ ಅರ್ಥಖಾತೆಯವರು ನಿಶ್ಚಿಂತರಾಗಿ ನಿದ್ರಿಸಲಾರರು. ಆದರೆ ಉಪಯೋಗಿಸುವ ಉದ್ದೇಶವಿಲ್ಲದ ಆಯುಧವನ್ನು ಯಾರೂ ಸಾಣೆ ಹಿಡಿಯುವದಿಲ್ಲ. ಎಂಟನೆಯ ವೇತನ ಆಯೋಗದ ವಿಚಾರಣೀಯ ಅಂಶಗಳನ್ನು 2025ರ ಅಕ್ಟೋಬರದಲ್ಲಿ ಗೊತ್ತುಪಡಿಸುವಾಗ, ನೌಕರರ ವಂತಿಗೆಯಿಲ್ಲದ ಪೆನ್ಶನ್ನಿನ ವೆಚ್ಚವನ್ನೂ ಲಕ್ಷ್ಯದಲ್ಲಿಡಬೇಕೆಂದು ಸೂಚಿಸಲಾಗಿದೆ. ವರದಿಗೆ 18 ತಿಂಗಳ ಅವಧಿ. ಹಿಂದೆ ನಿವೃತ್ತರಾದವರು ಈ ಎರಡನ್ನೂ ಕೂಡಿಸಿ ಓದಿ ಕಳವಳಪಟ್ಟರೆ ಅವರನ್ನು ಅಳುಬುರುಕರೆನ್ನಲು ನಮಗೆ ಬಾಯಿ ಬಾರದು.

ತಾರೀಖಿನ ಗೆರೆ ಎಂಥ ಅನರ್ಥವನ್ನು ಮಾಡಬಲ್ಲದೆಂಬದಕ್ಕೆ ದಿಲ್ಲಿಯ ವರೆಗೆ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸುಗಳಂತೆ ವೇತನವು 2022ರ ಜುಲೈ 1ರಿಂದ ಕಾಗದದ ಮೇಲೆ ಏರಿತು. ಕೈಗೆ ಹಣವು ಬಂದದ್ದು 2024ರ ಅಗಸ್ಟ 1ರಿಂದ. ಈ ನಡುವಿನ 25 ತಿಂಗಳಲ್ಲಿ ನಿವೃತ್ತರಾದವರಿಗೆ ಮಾಸಿಕ ಪೆನ್ಶನ್ನು ಹೊಸ ವೇತನದ ಮೇಲೆ ಗೊತ್ತಾಯಿತು. ಆದರೆ ಉಪದಾನ, ಪೆನ್ಶನ್ನಿನ ಭಾಗವನ್ನು ಮಾರಿ ಪಡೆಯುವ ಇಡಿಗಂಟು, ಉಳಿದ ರಜೆಯ ಸಂಬಳ, ಇವು ಮೂರೂ ಹಳೆಯ ವೇತನದ ಮೇಲೆಯೇ ನಿಂತವು. ಒಂದೇ ಕಚೇರಿಯಲ್ಲಿ ಅಕ್ಕಪಕ್ಕದ ಮೇಜುಗಳಿಗೆ ಕುಳಿತು, ಒಂದೇ ವರ್ಷ ನೌಕರಿಗೆ ಸೇರಿ, ಒಂದೇ ಸಂಬಳ ತಿಂದ ಇಬ್ಬರು ಗುಮಾಸ್ತರನ್ನು ಊಹಿಸಿರಿ. ಒಬ್ಬನು ಜುಲೈ ಕೊನೆಗೆ ಹಾರ ಹಾಕಿಸಿಕೊಂಡನು, ಇನ್ನೊಬ್ಬನು ಅಗಸ್ಟ ಕೊನೆಗೆ. ಮಗಳ ಮದುವೆಗೋ ಮನೆಯ ಸಾಲಕ್ಕೋ ನಂಬಿಕೊಂಡ ಗಂಟು ಒಬ್ಬನಿಗೆ ಲಕ್ಷಗಟ್ಟಲೆ ಕಡಿಮೆಯಾಯಿತು. ಅವನ ತಪ್ಪೇನು? ಒಂದು ತಿಂಗಳು ಮೊದಲು ಹುಟ್ಟಿದ್ದು!

ನೇಮಕದ ತಾರೀಖಿನ ಕಥೆಯೂ ಹೀಗೆಯೇ. ಕೇಂದ್ರದಲ್ಲಿ 2004ರ ಜನೆವರಿ 1ರಿಂದಲೂ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದಲೂ ನೌಕರಿಗೆ ಸೇರಿದವರಿಗೆ ನಿಶ್ಚಿತ ಪೆನ್ಶನ್ನು ತಪ್ಪಿ, ಪೇಟೆಯ ಏರಿಳಿತಕ್ಕೊಳಪಟ್ಟ ವಂತಿಗೆಯ ಯೋಜನೆಯು ಬಂದಿತು. ಆದರೆ ಏಪ್ರಿಲ್ 1ಕ್ಕೆ ಮೊದಲೇ ಜಾಹೀರಾದ ಹುದ್ದೆಗಳಿಗೆ ಆರಿಸಲ್ಪಟ್ಟು, ಕಚೇರಿಯ ಕಡತವು ನಿಧಾನವಾಗಿ ಚಲಿಸಿದ ಕಾರಣ ತಡವಾಗಿ ಆಜ್ಞಾಪತ್ರ ಪಡೆದವರ ಗತಿಯೇನು? ಅಂಥ ಸುಮಾರು 13,000 ನೌಕರರಿಗೆ ಹಳೆಯ ಪದ್ಧತಿಯನ್ನು ಅನ್ವಯಿಸಲು ರಾಜ್ಯ ಸರಕಾರವು 2024ರ ಜನೆವರಿಯಲ್ಲಿ ಒಪ್ಪಿತು. ಇದನ್ನು ನಾವು ಸಂತೋಷದಿಂದ ಸ್ಮರಿಸುತ್ತೇವೆ. ಸರಕಾರವು ತಾನೇ ಎಳೆದ ಗೆರೆಯನ್ನು ನ್ಯಾಯದ ಸಲುವಾಗಿ ತುಸು ಸರಿಸಬಲ್ಲದೆಂದೂ, ಹಾಗೆ ಸರಿಸಿದರೆ ಬೊಕ್ಕಸವು ಬರಿದಾಗುವದಿಲ್ಲವೆಂದೂ ಇದರಿಂದ ಸಿದ್ಧವಾಯಿತು.

ಆದುದರಿಂದ ಕೇಂದ್ರ ಸರಕಾರವು ಹೊಸ ಕಾಯಿದೆಯ ಬಲದಿಂದ 2026ಕ್ಕೆ ಮೊದಲಿನ ನಿವೃತ್ತರನ್ನು ಬೇರೆ ಪಂಕ್ತಿಗೆ ಕೂಡ್ರಿಸುವದಿಲ್ಲವೆಂದು ಆಯೋಗದ ವರದಿಗೆ ಕಾಯದೆಯೇ ಸ್ಪಷ್ಟವಾದ ಮಾತು ಕೊಡಬೇಕು. ಸಭೆಯಲ್ಲಿಯ ಮೌಖಿಕ ಅಭಯಕ್ಕಿಂತ ಒಂದು ಲಿಖಿತ ಸುತ್ತೋಲೆಯು ಹೆಚ್ಚಿನ ಬೆಲೆಯುಳ್ಳದ್ದು. ರಾಜ್ಯ ಸರಕಾರವಾದರೋ ಆ 25 ತಿಂಗಳ ನಿವೃತ್ತರ ಉಪದಾನವನ್ನೂ ಇಡಿಗಂಟನ್ನೂ ಹೊಸ ವೇತನದ ಮೇಲೆ ಲೆಕ್ಕ ಹಾಕಿ, ಒಮ್ಮೆಲೇ ಕೊಡುವದು ಆಗದಿದ್ದರೆ ಎರಡು ಮೂರು ಕಂತುಗಳಲ್ಲಿಯಾದರೂ ಕೊಡಲಿ. ಗಂಡನನ್ನು ಕಳೆದುಕೊಂಡು ಕುಟುಂಬ ಪೆನ್ಶನ್ನಿನ ಮೇಲೆ ದಿನ ನೂಕುತ್ತಿರುವ ಹೆಂಗಸರಿಗೆ ಮೊದಲನೆಯ ಕಂತಿನಲ್ಲಿಯೇ ಪೂರ್ತಿ ಸಲ್ಲಲಿ.