ಉಂಡ ಎಲೆಯನ್ನು ಎತ್ತುವವರು ಯಾರು?

ಕೇಂದ್ರ ಸರ್ಕಾರದ ನೌಕರಿಯಲ್ಲಿ ನಾನು ಇದುವರೆಗೆ ಐದು ಊರುಗಳ ವಸತಿಗೃಹಗಳನ್ನು ಖಾಲಿ ಮಾಡಿದ್ದೇನೆ. ಪ್ರತಿಸಲವೂ ಅದೇ ವಿಧಿ. ವಿದ್ಯುತ್ ಬಾಕಿ ತೀರಿಸಬೇಕು. ಫ್ಯಾನು, ದೀಪ, ನಲ್ಲಿಗಳ ಲೆಕ್ಕ ಒಪ್ಪಿಸಬೇಕು. ಗೋಡೆಗೆ ಹೊಡೆದ ಮೊಳೆಗೂ ಉತ್ತರ ಹೇಳಬೇಕು. ಕೊನೆಗೆ ಬೀಗದ ಕೈ ಕೊಟ್ಟು ‘ಬಾಕಿ ಇಲ್ಲ’ ಎಂಬ ಪತ್ರ ಪಡೆಯಬೇಕು. ಬೇಸರದ ಕೆಲಸವಾದರೂ ಇದರ ಹಿಂದಿನ ನ್ಯಾಯವನ್ನು ನಾನು ಒಪ್ಪುತ್ತೇನೆ. ಇದ್ದು ಹೋಗುವವನು ತಾನು ಹರಡಿದ್ದನ್ನು ತಾನೇ ತೆಗೆದು ಹೋಗಬೇಕು. ನಮ್ಮ ಗಣಕಯಂತ್ರಗಳೊಳಗೆ ಬಂದು ನೆಲೆಸುವ ತಂತ್ರಾಂಶಗಳಿಗೆ ಮಾತ್ರ ಈ ನ್ಯಾಯ ಅನ್ವಯಿಸುವುದಿಲ್ಲ. ಏಕೆ ಅನ್ವಯಿಸಬಾರದು ಎಂಬುದೇ ನನ್ನ ತಕರಾರು.

ಹಿಂದಿನ ವರ್ಗಾವಣೆಯ ಹೊತ್ತಿನಲ್ಲಿ ನನ್ನ ಹಳೆಯ ಲ್ಯಾಪ್‌ಟಾಪನ್ನು ನೆರೆಮನೆಯ ಕಾಲೇಜು ವಿದ್ಯಾರ್ಥಿನಿಗೆ ಕೊಟ್ಟೆ. ಕೊಡುವ ಮುನ್ನ ನನ್ನ ಕಡತಗಳನ್ನೆಲ್ಲ ಅಳಿಸಿದೆ. ಸಂದೇಶ ಕಳಿಸಲು ಬಳಸುತ್ತಿದ್ದ ತಂತ್ರಾಂಶವೊಂದನ್ನು ಕ್ರಮಬದ್ಧವಾಗಿ ಅನ್‌ಇನ್‌ಸ್ಟಾಲ್ ಮಾಡಿದೆ. ‘ಯಶಸ್ವಿಯಾಗಿ ತೆಗೆದುಹಾಕಲಾಗಿದೆ’ ಎಂಬ ಘೋಷಣೆಯೂ ಪರದೆಯ ಮೇಲೆ ಬಂತು. ಎರಡು ವಾರಗಳ ಬಳಿಕ ಆ ಹುಡುಗಿ ಫೋನ್ ಮಾಡಿದಳು. ಅದೇ ತಂತ್ರಾಂಶವನ್ನು ಅವಳೂ ಹಾಕಿಕೊಂಡಿದ್ದಳು. ಅದು ಪಾಸ್‌ವರ್ಡನ್ನೇ ಕೇಳದೆ ನೇರವಾಗಿ ನನ್ನ ಖಾತೆಯನ್ನು ತೆರೆದಿತ್ತು. ಅಮ್ಮನ ಚಿಕಿತ್ಸೆಯ ಖರ್ಚಿನ ಬಗ್ಗೆ ನಾನೂ ನನ್ನ ಅಣ್ಣನೂ ಆಡಿಕೊಂಡಿದ್ದ ಕಟುಮಾತುಗಳೆಲ್ಲ ಅಲ್ಲಿದ್ದವು. ‘ಅಂಕಲ್, ನಾನು ಏನನ್ನೂ ಓದಿಲ್ಲ’ ಎಂದು ಅವಳು ಎರಡು ಸಲ ಹೇಳಿದಳು. ಎರಡನೆಯ ಸಲ ಹೇಳಿದ್ದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ತಿಳಿದವರು ನನ್ನನ್ನೇ ಬೈದರು. ಡಿಸ್ಕನ್ನು ಪೂರ್ತಿ ಅಳಿಸಿಯೇ ಕೊಡಬೇಕಿತ್ತು ಎಂದರು. ಯಂತ್ರ ಕೈಬದಲಾಯಿಸುವಾಗ ಅದೇ ಸರಿಯಾದ ಕ್ರಮ. ಆ ತಪ್ಪು ನನ್ನದು. ಆದರೆ ಅತಿಥಿಯೊಬ್ಬ ನಿಜಕ್ಕೂ ಹೋದನೇ ಎಂದು ಖಾತ್ರಿ ಮಾಡಿಕೊಳ್ಳಲು ಮನೆಯನ್ನೇ ಕೆಡವಬೇಕೆಂಬುದು ಯಾವ ನ್ಯಾಯ? ಪರದೆಯ ಮೇಲಿನ ಆ ಘೋಷಣೆ ಸುಳ್ಳೆಂದು ಯಾರೂ ಬೈಯಲಿಲ್ಲವಲ್ಲ!

ನಡೆದದ್ದೇನೆಂದು ಆಮೇಲೆ ಅರಿತೆ. ವಿಂಡೋಸ್‌ನಲ್ಲಿ ತಂತ್ರಾಂಶದ ಮುಖ್ಯ ಕಡತಗಳು ಸಾಮಾನ್ಯವಾಗಿ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲಿರುತ್ತವೆ. ಅನ್‌ಇನ್‌ಸ್ಟಾಲ್ ಮಾಡಿದಾಗ ಅನೇಕ ಸಲ ಹೋಗುವುದು ಅವಷ್ಟೇ. ನಮ್ಮ ಆಯ್ಕೆಗಳು, ಲಾಗಿನ್ನಿನ ಗುರುತುಗಳು, ತಾತ್ಕಾಲಿಕ ಪ್ರತಿಗಳು ‘ಆಪ್‌ಡೇಟಾ’, ‘ಪ್ರೋಗ್ರಾಂ ಡೇಟಾ’ ಎಂಬ ಫೋಲ್ಡರುಗಳಲ್ಲಿ ಉಳಿದುಬಿಡುತ್ತವೆ. ಎರಡೂ ಮೊದಲಿನಿಂದಲೇ ಕಣ್ಣಿಗೆ ಕಾಣದಂತೆ ಅಡಗಿಸಿಟ್ಟವು. ಇನ್ನಷ್ಟು ಶೇಷ ರಿಜಿಸ್ಟ್ರಿಯಲ್ಲೋ ಟಾಸ್ಕ್ ಶೆಡ್ಯೂಲರ್‌ನಲ್ಲೋ ಇರುತ್ತದೆ. ಮ್ಯಾಕ್‌ನ ಕಥೆಯೂ ಬೇರೆಯಲ್ಲ. ಆಪನ್ನು ಕಸದಬುಟ್ಟಿಗೆ ಎಳೆದು ಹಾಕಿದರೂ ‘ಲೈಬ್ರರಿ’ ಫೋಲ್ಡರಿನೊಳಗೆ ಅದರ ಕಡತಗಳು ಹಾಗೆಯೇ ಇರುತ್ತವೆ. ‘ಕೆಲವು ಎಂಬಿ ಜಾಗಕ್ಕೆ ಇಷ್ಟೇಕೆ ರಗಳೆ?’ ಎನ್ನುವವರಿಗೆ ಇಷ್ಟೇ ಹೇಳುತ್ತೇನೆ: ನಾನು ಕಳೆದುಕೊಂಡದ್ದು ಜಾಗವನ್ನಲ್ಲ.

ತೆಗೆದುಹಾಕುವ ಕೆಲಸ ಮುಗಿಯುತ್ತಿದ್ದಂತೆ ಎಷ್ಟೋ ತಂತ್ರಾಂಶಗಳು ಬ್ರೌಸರನ್ನು ತೆರೆದು ‘ನಮ್ಮನ್ನು ಏಕೆ ಬಿಟ್ಟಿರಿ?’ ಎಂಬ ಪ್ರಶ್ನಾವಳಿಯನ್ನು ಮುಂದಿಡುತ್ತವೆ. ಎಲೆ ಎತ್ತೋ ಗುಂಡ ಅಂದರೆ ಉಂಡವರೆಷ್ಟು ಮಂದಿ ಅಂದನಂತೆ! ಪ್ರಶ್ನೆ ಕೇಳಲು ಇರುವ ವ್ಯವಧಾನ ಎಲೆ ಎತ್ತಲು ಇಲ್ಲ.

ತಯಾರಕರ ಬಳಿ ಒಂದು ಸಮರ್ಥನೆ ಸಿದ್ಧವಾಗಿದೆ: ನೀವು ಮುಂದೆ ಮರಳಿ ಬಂದರೆ ನಿಮ್ಮ ಆಯ್ಕೆಗಳು ಸಿಗಲಿ ಎಂದೇ ಇಟ್ಟಿದ್ದೇವೆ. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ನಾನು ಬರೆದ ಲೇಖನವನ್ನು ಬರವಣಿಗೆಯ ತಂತ್ರಾಂಶ ತಾನು ಹೋಗುವಾಗ ಅಳಿಸಿಬಿಟ್ಟರೆ ನಾನೇ ಮೊದಲು ಕೂಗಾಡುತ್ತೇನೆ. ಆದರೆ ಉಳಿಸುವುದು ನನ್ನ ಹಿತಕ್ಕಾಗಿ ಎಂದಾದರೆ ನನ್ನನ್ನೊಂದು ಮಾತು ಕೇಳಬೇಡವೇ? ಡೆಬಿಯನ್ ಲಿನಕ್ಸ್‌ನಲ್ಲಿ ‘ರಿಮೂವ್’ ಮತ್ತು ‘ಪರ್ಜ್’ ಎಂಬ ಎರಡು ಬೇರೆ ಆಜ್ಞೆಗಳಿವೆ. ಮೊದಲನೆಯದು ತಂತ್ರಾಂಶವನ್ನು ತೆಗೆದು ವ್ಯವಸ್ಥೆಯಲ್ಲಿರುವ ಅದರ ಸಂರಚನಾ ಕಡತಗಳನ್ನು ಉಳಿಸುತ್ತದೆ. ಎರಡನೆಯದು ಅವನ್ನೂ ತೆಗೆಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಆಪ್ ಹೋದಾಗ ಅದಕ್ಕೆಂದೇ ಮೀಸಲಾದ ಖಾಸಗಿ ಜಾಗವೂ ಸಾಮಾನ್ಯವಾಗಿ ಅಳಿಯುತ್ತದೆ. ಇವು ಪರಿಪೂರ್ಣವಲ್ಲ. ಆದರೂ ಕೊರತೆಯಿರುವುದು ತಂತ್ರಜ್ಞಾನದಲ್ಲಲ್ಲ, ಮನಸ್ಸಿನಲ್ಲಿ ಎಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು.

ಉಳಿಯುವುದು ಯಾವಾಗಲೂ ಮರೆವಿನಿಂದಲೂ ಅಲ್ಲ. 2005ರಲ್ಲಿ ಸೋನಿ ಬಿಎಂಜಿ ತನ್ನ ಸಂಗೀತದ ಸಿ.ಡಿ.ಗಳ ಮೂಲಕ ಗ್ರಾಹಕರ ಗಣಕಗಳಿಗೆ ನಕಲು ತಡೆಯುವ ತಂತ್ರಾಂಶವೊಂದನ್ನು ಸೇರಿಸಿತು. ಅದು ತನ್ನನ್ನು ತಾನೇ ಮರೆಮಾಚಿಕೊಳ್ಳುತ್ತಿತ್ತು. ಅದನ್ನು ತೆಗೆಯುವ ನೇರ ದಾರಿ ಇರಲಿಲ್ಲ. ಮಾರ್ಕ್ ರುಸಿನೋವಿಚ್ ಎಂಬ ತಜ್ಞ ಇದನ್ನು ಬಯಲಿಗೆಳೆದ ಮೇಲೆ ಸಂಸ್ಥೆ ಒದಗಿಸಿದ ನಿವಾರಕವೇ ಹೊಸದೊಂದು ಭದ್ರತಾ ರಂಧ್ರವನ್ನು ತೆರೆಯಿತು. 2019ರಲ್ಲಿ ಜೂಮ್‌ನ ಸರದಿ. ಮ್ಯಾಕ್‌ನಿಂದ ಜೂಮನ್ನು ತೆಗೆದರೂ ಅದು ಕೂರಿಸಿದ್ದ ಪುಟ್ಟ ವೆಬ್ ಸರ್ವರ್ ಹಿಂದೆ ಉಳಿಯುತ್ತಿತ್ತು. ಸಭೆಯ ಕೊಂಡಿಯನ್ನು ಒತ್ತಿದರೆ ಒಪ್ಪಿಗೆ ಕೇಳದೆ ಜೂಮನ್ನು ಮರುಸ್ಥಾಪಿಸುತ್ತಿತ್ತು. ಕೊನೆಗೆ ಆಪಲ್ ಸಂಸ್ಥೆಯೇ ಅದನ್ನು ಕಿತ್ತುಹಾಕುವ ಅಪ್‌ಡೇಟ್ ಕಳಿಸಬೇಕಾಯಿತು. ಬಾಡಿಗೆದಾರ ಮನೆ ಬಿಡುವಾಗ ಇನ್ನೊಂದು ಬೀಗದ ಕೈ ಮಾಡಿಸಿಟ್ಟುಕೊಂಡರೆ ಅದನ್ನು ನಾವು ಮರೆವು ಎನ್ನುತ್ತೇವೆಯೇ?

ಹೀಗೆ ಉಳಿದ ಎಂಜಲನ್ನು ಬಳಿಯುತ್ತೇವೆಂದು ಬಂದ ‘ಸ್ವಚ್ಛಕ’ ತಂತ್ರಾಂಶಗಳದೇ ಈಗೊಂದು ಮಾರುಕಟ್ಟೆ. ಅವುಗಳನ್ನೂ ಕುರುಡಾಗಿ ನಂಬುವಂತಿಲ್ಲ. 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ಸಾಧನದ ಅಧಿಕೃತ ಆವೃತ್ತಿಯೊಳಗೇ ದಾಳಿಕೋರರು ಕುತಂತ್ರಾಂಶ ತುರುಕಿದರು. 20 ಲಕ್ಷಕ್ಕೂ ಹೆಚ್ಚು ಬಳಕೆದಾರರು ಅದನ್ನು ಇಳಿಸಿಕೊಂಡಿದ್ದರು. ರಿಜಿಸ್ಟ್ರಿಯನ್ನು ಗುಡಿಸುವ ಸಾಧನಗಳನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ. ಉಂಡವರು ಒಬ್ಬರು, ಗುಡಿಸುವ ಹೊಣೆ ನಮ್ಮದು, ಪೊರಕೆಯಲ್ಲೂ ಮುಳ್ಳು.

ಆದುದರಿಂದ ಸದ್ಯಕ್ಕೆ ಕೈಯಾರೆ ಮಾಡುವುದೇ ಲೇಸು. ತಂತ್ರಾಂಶವನ್ನು ತೆಗೆಯುವ ಮುನ್ನ ಮರೆಯದೆ ಅದರೊಳಗಿಂದ ಲಾಗ್ ಔಟ್ ಆಗಿ. ಬಳಿಕ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಪಟ್ಟಿಯಲ್ಲಿ ‘ಹಿಡನ್ ಐಟಮ್ಸ್’ ಆಯ್ದು, ಆಪ್‌ಡೇಟಾದ ‘ಲೋಕಲ್’, ‘ರೋಮಿಂಗ್’ ಫೋಲ್ಡರುಗಳಲ್ಲಿ ಅದರ ಹೆಸರಿದೆಯೇ ನೋಡಿ. ಅದರದೇ ಎಂದು ಖಚಿತವಾದದ್ದನ್ನು ಮಾತ್ರ ಅಳಿಸಿ. ರಿಜಿಸ್ಟ್ರಿಯ ತಂಟೆಗೆ ಹೋಗಬೇಡಿ.

ಆದರೆ ಈ ಉಪಾಯವೇ ಪರಿಹಾರವೆಂದು ಒಪ್ಪಿಕೊಂಡರೆ ನಾವು ಸೋತಂತೆ. ನಮ್ಮ ಮಾಹಿತಿಯನ್ನು ಅಳಿಸುವಂತೆ ಸಂಸ್ಥೆಗಳನ್ನು ಕೇಳುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಗುರುತಿಸಿದೆ. ದೂರದ ಸರ್ವರಿನ ವಿಷಯದಲ್ಲಿ ಒಪ್ಪಿತವಾದ ಈ ತತ್ವ ನಮ್ಮ ಮೇಜಿನ ಮೇಲಿನ ಯಂತ್ರಕ್ಕೆ ಬೇಡವೇ? ನಾನು ಕೇಳುವುದು ಹೆಚ್ಚೇನಲ್ಲ. ಹೋಗುವಾಗ ಏನೇನು ಉಳಿಯುತ್ತದೆಂದು ಪಟ್ಟಿ ತೋರಿಸಿ. ಇಡಲೋ ತೆಗೆಯಲೋ ಎಂದು ಕೇಳಿ. ತೆಗೆಯದಿದ್ದರೆ ‘ಯಶಸ್ವಿಯಾಗಿ ತೆಗೆದುಹಾಕಲಾಗಿದೆ’ ಎನ್ನಬೇಡಿ. ಮೊಳೆಯೊಂದಕ್ಕೆ ಉತ್ತರ ಹೇಳಿ ಮನೆ ಬಿಟ್ಟವನು ನಾನು. ನನ್ನ ಮನೆಯಲ್ಲಿದ್ದು ಹೋದವರಿಂದ ಅಷ್ಟನ್ನಾದರೂ ಕೇಳುವ ಹಕ್ಕು ನನಗಿದೆ.