ಬಯಲ ಸೊಪ್ಪಿನ ಚಟ್ನಿ

ಮುಂಗಾರು ಮಳೆ ನಾಲ್ಕು ದಿನ ಹಿಡಿದು ಬಿದ್ದಿತೆಂದರೆ ಹಿತ್ತಲು, ತೋಟ, ಗದ್ದೆಯ ಬದುಗಳಲ್ಲಿ ಬಿತ್ತದೆ ಬೆಳೆಯುವ ಸೊಪ್ಪುಗಳಿಗೆ ಲೆಕ್ಕವಿಲ್ಲ. ಒಂದೆಲಗ, ಚಗಟೆ, ಹೊನಗೊನ್ನೆ, ಗೋಣಿಸೊಪ್ಪು ಮೊದಲಾದವು ತರಕಾರಿಯ ಬೆಲೆಯೇರಿದಾಗ ಬಡವರ ಅನ್ನಕ್ಕೆ ಆಧಾರವಾದುವು. ಅನುಕೂಲಸ್ಥರ ಎಲೆಯಲ್ಲಿಯೂ ರುಚಿಯ ಬಲದಿಂದಲೇ ಸ್ಥಾನ ಪಡೆದುವು. ಈಗ ಅನೇಕ ಮನೆಗಳಲ್ಲಿ ಇವುಗಳನ್ನು ಕಳೆಯೆಂದು ಕಿತ್ತೆಸೆಯುವರು. ಇದಕ್ಕೆ ಕಾರಣ ಅರುಚಿಯಲ್ಲ, ಗುರುತು ತಪ್ಪಿರುವುದು. ಆದುದರಿಂದ ಅಡಿಗೆಯ ಕ್ರಮಕ್ಕಿಂತ ಮೊದಲು ಸೊಪ್ಪಿನ ಗುರುತನ್ನು ಹೇಳುವುದು ಅವಶ್ಯಕವಾಗಿದೆ.

ಒಂದೆಲಗದ ಗುರುತು: ಇದು ತೇವವಿರುವ ನೆಲದಲ್ಲಿ ಹಬ್ಬುವ ಬಳ್ಳಿ. ತುಳುವಿನಲ್ಲಿ ಇದಕ್ಕೆ ತಿಮರೆ ಎಂದೂ ಆಯುರ್ವೇದದಲ್ಲಿ ಮಂಡೂಕಪರ್ಣಿ ಎಂದೂ ಹೆಸರು. ಬಳ್ಳಿಯು ಗೆಣ್ಣುಗೆಣ್ಣಿಗೆ ಬೇರೂರುತ್ತದೆ. ನೀಳವಾದ ತೊಟ್ಟಿನ ತುದಿಗೆ ಒಂದೇ ಎಲೆ. ಅದು ದುಂಡಾಗಿದ್ದು, ತೊಟ್ಟು ಸೇರುವೆಡೆಯಲ್ಲಿ ಸೀಳಿಕೊಂಡು, ಅಂಚಿನಲ್ಲಿ ಸಣ್ಣ ಕಚ್ಚುಗಳುಳ್ಳದ್ದು. ಇದನ್ನು ಬ್ರಾಹ್ಮಿಯೆಂದು ಕರೆಯುವವರುಂಟು. ಆದರೆ ನೀರುಬ್ರಾಹ್ಮಿಯು ಬೇರೆ ಗಿಡ. ಅದರ ಎಲೆ ಚಿಕ್ಕದು, ದಪ್ಪನೆಯದು, ಬಹಳ ಕಹಿ.

ಚಗಟೆಯ ಗುರುತು: ಇದನ್ನು ತಗಚೆಯೆಂದೂ ಹೇಳುವರು. ಇಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಚಗಟೆಯ ಒಂದೊಂದು ಕಡ್ಡಿಗೆ ಸಾಮಾನ್ಯವಾಗಿ ಮೂರು ಜೊತೆ ಕಿರುಎಲೆಗಳಿದ್ದು, ಅವುಗಳ ತುದಿ ದುಂಡಾಗಿರುತ್ತದೆ. ವೈದ್ಯಗ್ರಂಥಗಳಲ್ಲಿ ಕಾಸಮರ್ದವೆನಿಸಿದ ಅದರ ಸೋದರ ಗಿಡದಲ್ಲಿ ಕಿರುಎಲೆಗಳು ಹೆಚ್ಚಾಗಿ ನಾಲ್ಕೈದು ಜೊತೆ, ತುದಿ ಚೂಪು, ಹಿಸುಕಿದರೆ ದುರ್ಗಂಧ. ಎರಡರ ಹೂವೂ ಹಳದಿಯೇ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಒಂದು ರೋಗಕ್ಕೆ ಈ ಕಾಸಮರ್ದದ ಬೀಜವೇ ಕಾರಣವೆಂದು ವೈದ್ಯರು 2007ರಲ್ಲಿ ಪ್ರಕಟಿಸಿದರು. ಆದುದರಿಂದ ಚಗಟೆಯನ್ನು ಹೂ ಬಿಡುವುದಕ್ಕೆ ಮೊದಲು ಎಳೆಯ ಕುಡಿಯಾಗಿ ಮಾತ್ರವೇ ಕೊಯ್ಯತಕ್ಕದ್ದು. ಎರಡು ಗಿಡಗಳ ಕಾಯಿ ಬೀಜಗಳನ್ನೂ ಮಕ್ಕಳ ಕೈಗೆ ಕೊಡಲಾಗದು. ಸಂದೇಹವಿದ್ದ ಸೊಪ್ಪನ್ನು ಬಿಟ್ಟುಬಿಡುವುದೇ ಲೇಸು.

ಕೊಯ್ಯುವ ಸ್ಥಳ: ಚರಂಡಿಯ ಬದಿ, ದನಕರುಗಳು ನಿಲ್ಲುವ ಸ್ಥಳ, ಕಳೆನಾಶಕ ಅಥವಾ ಕೀಟನಾಶಕ ಸಿಂಪಡಿಸಿದ ಗದ್ದೆ, ಇವು ವರ್ಜ್ಯ. ಒಂದೆಲಗವನ್ನು ಹಸಿಯಾಗಿಯೇ ಅರೆಯುವುದರಿಂದ ಈ ನಿಯಮವು ಮುಖ್ಯವಾದುದು. ಮಣ್ಣು ಹೋಗುವವರೆಗೆ ನಾಲ್ಕು ನೀರಿನಲ್ಲಿ ತೊಳೆಯಬೇಕು. ಒಂದು ಕುಂಡದಲ್ಲಿ ನಾಲ್ಕು ಗೆಣ್ಣು ನೆಟ್ಟುಕೊಂಡರೆ ಪಟ್ಟಣವಾಸಿಗಳಿಗೂ ಈ ಚಿಂತೆ ತಪ್ಪುವುದು.

ಒಂದೆಲಗದ ಚಟ್ನಿ: ಎಳೆಯ ತೊಟ್ಟು ಸಹಿತವಾದ ಎಲೆ ಎರಡು ಹಿಡಿ, ತೆಂಗಿನ ತುರಿ ಒಂದು ಬಟ್ಟಲು, ಒಣಮೆಣಸಿನಕಾಯಿ ನಾಲ್ಕು, ಉದ್ದಿನಬೇಳೆ ಒಂದು ಚಮಚ, ಸಣ್ಣ ನೆಲ್ಲಿಕಾಯಿ ಗಾತ್ರ ಹುಣಸೆಹಣ್ಣು, ಚೂರು ಬೆಲ್ಲ, ರುಚಿಗೆ ಉಪ್ಪು. ಬೇಳೆಯನ್ನೂ ಮೆಣಸಿನಕಾಯಿಯನ್ನೂ ಸ್ವಲ್ಪ ಎಣ್ಣೆಯಲ್ಲಿ ಹುರಿದು, ಆರಿದ ಮೇಲೆ ತೆಂಗಿನ ತುರಿ, ಹುಣಸೆ, ಬೆಲ್ಲ, ಉಪ್ಪಿನೊಡನೆ ಅರೆಯಿರಿ. ಮುಕ್ಕಾಲು ಪಾಲು ನುಣ್ಣಗಾದಾಗ ಸೊಪ್ಪನ್ನು ಹಾಕಿ ನಾಲ್ಕು ಸುತ್ತು ತಿರುವಿದರೆ ಸಾಕು. ಮೊದಲೇ ಹಾಕಿ ಬಹಳ ಹೊತ್ತು ಅರೆದರೆ ಹಸುರು ಕಂದುತ್ತದೆ, ಕಹಿ ಮುಂದಾಗುತ್ತದೆ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು, ಬಿಸಿ ಅನ್ನಕ್ಕೆ ಕೊಬ್ಬರಿ ಎಣ್ಣೆಯೊಡನೆ ಕಲಸಿಕೊಳ್ಳಬೇಕು. ಅಂದು ಮಾಡಿದ್ದು ಅಂದೇ ತೀರಬೇಕು.

ಚಗಟೆಯ ಚಟ್ನಿಗೂ ಇದೇ ಕ್ರಮ. ಆದರೆ ಆ ಸೊಪ್ಪನ್ನು ಹಸಿಯಾಗಿ ಹಾಕದೆ, ಎಣ್ಣೆಯಲ್ಲಿ ಬಾಡಿಸಿ ಚೆನ್ನಾಗಿ ಬೇಯಿಸಿಕೊಂಡು ಅರೆಯಬೇಕು. ಬೆಲ್ಲ ತುಸು ಹೆಚ್ಚಿರಲಿ.

ಸೊಪ್ಪಿನ ಕಹಿಯನ್ನು ಜಿಡ್ಡಿನಿಂದ ಹದಗೊಳಿಸುವುದು ನಮ್ಮವರು ಮಾತ್ರ ಕಂಡುಕೊಂಡ ಉಪಾಯವಲ್ಲ. ಇಟಲಿಯ ಜಿನೋವಾ ಪಟ್ಟಣದವರು ತುಳಸಿಯ ಜಾತಿಗೆ ಸೇರಿದ ಸೊಪ್ಪನ್ನು ಬೆಳ್ಳುಳ್ಳಿ, ಪೈನ್ ಮರದ ಬೀಜ, ಚೀಸು, ಆಲಿವ್ ಎಣ್ಣೆಗಳೊಡನೆ ಅಮೃತಶಿಲೆಯ ಒರಳಿನಲ್ಲಿ ಅರೆದು ‘ಪೆಸ್ತೊ’ ಮಾಡುವರು. ಕುಟ್ಟಿದ್ದು ಎಂಬುದೇ ಆ ಹೆಸರಿನ ಅರ್ಥ. ಅವರಿಗೆ ಬೀಜ, ಚೀಸುಗಳು ಮಾಡುವ ಕೆಲಸವನ್ನು ನಮಗೆ ತೆಂಗಿನಕಾಯಿ ಮಾಡುತ್ತದೆ.

ಒಂದೆಲಗವು ಜ್ಞಾಪಕಶಕ್ತಿಯನ್ನು ವರ್ಧಿಸುವುದೆಂದು ಬಹುಕಾಲದ ನಂಬಿಕೆ. ಆದರೂ ಊಟದ ಪದಾರ್ಥವನ್ನು ಊಟದ ಮಿತಿಯಲ್ಲಿಯೇ ಸೇವಿಸುವುದು ಯೋಗ್ಯ. ಗರ್ಭಿಣಿಯರೂ ಯಕೃತ್ತಿನ ರೋಗವುಳ್ಳವರೂ ವೈದ್ಯರನ್ನು ಕೇಳದೆ ಬಳಸಬಾರದು.

ಅರೆಯುವ ಕೆಲಸವನ್ನು ಇಂದು ಯಂತ್ರವು ನಿಮಿಷದಲ್ಲಿ ಮಾಡಿಕೊಡುವುದು. ಗಿಡವನ್ನು ಗುರುತಿಸುವ ಕಣ್ಣು ಮಾತ್ರ ಒಬ್ಬರಿಂದೊಬ್ಬರಿಗೆ ಬರತಕ್ಕದ್ದು. ಮನೆಯಲ್ಲಿ ಅಜ್ಜಿಯೋ ಅತ್ತೆಯೋ, ನೆರೆಯಲ್ಲಿ ಗದ್ದೆ ಕೆಲಸ ಬಲ್ಲ ಹಿರಿಯಳೋ ಇದ್ದರೆ, ಈ ಮಳೆಗಾಲದಲ್ಲಿಯೇ ಹೆಣ್ಣು ಗಂಡೆನ್ನದೆ ಮಕ್ಕಳನ್ನು ಅವರ ಜೊತೆಗೆ ಬದುವಿನ ಮೇಲೆ ಕಳುಹಿಸಿಕೊಡಿರಿ.