ಯಂತ್ರಕ್ಕೆ ಮೊದಲು ಕರೆಂಟ್ ಬಿಲ್ ನೋಡಿ

ಮೇವು ಕತ್ತರಿಸುವ ಯಂತ್ರವೋ ಹಾಲು ಕರೆಯುವ ಯಂತ್ರವೋ ಕೊಳ್ಳುವಾಗ ಅಕ್ಕಂದಿರು ಬೆಲೆ, ಸಬ್ಸಿಡಿ ವಿಚಾರಿಸುತ್ತೀರಿ. ಮನೆಯ ಲೈನು ಅದನ್ನು ತಡೆಯುತ್ತದೆಯೇ ಎಂದು ಕೇಳುವವರು ಕಡಿಮೆ. ಸೆಸ್ಕ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಗೃಹಜ್ಯೋತಿಯಿಂದ ಸೊನ್ನೆ ಬಂದ ಬಿಲ್ಲನ್ನೂ ಎಸೆಯಬೇಡಿ.

1 ಎಚ್‌ಪಿ ಅಂದರೆ 746 ವ್ಯಾಟ್. 2 ಎಚ್‌ಪಿ ಮೋಟರಿಗೆ ಸುಮಾರು ಒಂದೂವರೆ ಕಿಲೋವ್ಯಾಟ್ ಬೇಕು; ಶುರುವಾಗುವ ಗಳಿಗೆಯಲ್ಲಿ ಅದು ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಮೇಲೆ ಫ್ರಿಜ್ಜು, ಮಿಕ್ಸಿ, ನೀರು ಕಾಯಿಸುವ ಕಾಯಿಲ್ ಕೂಡಿಸಿ. ಒಂದು ಬಲ್ಬಿಗೆಂದು ಕೊಟ್ಟ ಹಳೆಯ ಭಾಗ್ಯಜ್ಯೋತಿ ಲೈನು ಇಷ್ಟನ್ನು ಹೊರುವುದಿಲ್ಲ. ಫ್ಯೂಸಿಗೆ ದಪ್ಪ ತಂತಿ ಸುತ್ತಿದರೆ ಲೋಡ್ ಹೆಚ್ಚುವುದಿಲ್ಲ, ವೈರು ಸುಡುತ್ತದೆ. ಸೆಸ್ಕ್ ಕಚೇರಿಗೆ ಅರ್ಜಿ ಕೊಟ್ಟೇ ಹೆಚ್ಚಿಸಿಕೊಳ್ಳಬೇಕು.

ದನದ ಡಾಕ್ಟರಿಗೇಕೆ ಈ ಉಸಾಬರಿ ಅನ್ನಬೇಡಿ. ಅರ್ತಿಂಗ್ ಸರಿಯಿಲ್ಲದ ಕೊಟ್ಟಿಗೆಯ ಒದ್ದೆ ನೆಲದಲ್ಲಿ ನಮಗೆ ಗೊತ್ತೇ ಆಗದಷ್ಟು ಕರೆಂಟ್ ಹಸುವಿಗೆ ತಾಗುತ್ತದೆ. ಒದೆಯುತ್ತದೆ, ಸೊರೆ ಬಿಡುವುದಿಲ್ಲ, ತೊಟ್ಟಿಗೆ ಬಾಯಿಡಲು ಹೆದರುತ್ತದೆ. ದೃಷ್ಟಿ ತೆಗೆಯುವ ಮುಂಚೆ ವೈರಿಂಗ್ ನೋಡಿಸಿ. ಪಾಂಡವಪುರವಾಗಲಿ ನಾಗಮಂಗಲವಾಗಲಿ, ಯಂತ್ರದ ಅರ್ಜಿ ಬರೆಸುವ ದಿನವೇ ಡೇರಿಯಲ್ಲಿ ಕರೆಂಟ್ ಬಿಲ್ ಕೇಳುವುದು ಕಡ್ಡಾಯವಾಗಲಿ ಎನ್ನುವುದು ನನ್ನ ಅಭಿಪ್ರಾಯ.